ಸೋದರ ಭಾಷೆಯ ಕಲಿಕೆಯೂ ಗಣಕಯಂತ್ರದ ವಿದ್ಯಾರ್ಥಿಯೂ

ಒಂದು ಭಾಷೆಯನ್ನು ಬಲ್ಲವನು ಎರಡನೆಯದಾಗಿ ಯಾವುದನ್ನು ಕಲಿಯಬೇಕು? ಭದ್ರಾವತಿಯಂಥ ಊರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪನೆಯಾಯಿತು. ಕೆಲಸವನ್ನು ಅರಸಿ ತಮಿಳರು, ತೆಲುಗರು, ಮಲೆಯಾಳಿಗಳು ಬಂದು ನೆಲೆಸಿದರು. ಜನ್ನಾಪುರದ ಒಂದು ಬೀದಿಯಲ್ಲಿ ನಡೆದು ಹೋಗುವವನ ಕಿವಿಗೆ ಮೂರು ನಾಲ್ಕು ಮಾತುಗಳು ಬೀಳುವುದು ಸಾಮಾನ್ಯ. ಶಾಲೆಯಲ್ಲಿ ಕನ್ನಡ, ನೆರೆಮನೆಯ ಹಜಾರದಲ್ಲಿ ತಮಿಳು, ಅಂಗಡಿಯ ಕಟ್ಟೆಯ ಮೇಲೆ ಉರ್ದು ಎಂದು ಬೆಳೆದ ಮಕ್ಕಳು ಯಾರೂ ವ್ಯಾಕರಣ ಪುಸ್ತಕವನ್ನು ಹಿಡಿದು ಆ ಮಾತುಗಳನ್ನು ಕಲಿತವರಲ್ಲ.

ಈಗ ಅದೇ ಮನೆಗಳ ಮಕ್ಕಳು ಬೇರೊಂದು ಜಾತಿಯ ಭಾಷೆಗಳನ್ನು ಕಲಿಯುತ್ತಿದ್ದಾರೆ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಬ್ಬಿಣದ ಕಾರ್ಖಾನೆಯ ಭವಿಷ್ಯವನ್ನು ಕುರಿತು 2023ರಲ್ಲಿ ಊರಿಗೆ ಊರೇ ಆತಂಕಪಟ್ಟಿತು. ತಂದೆಯ ಕೈಯಲ್ಲಿದ್ದ ಕಸುಬು ಮಗನಿಗೆ ದೊರೆಯುವ ಕಾಲ ಹೋಯಿತು. ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿದ ತರುಣ ತರುಣಿಯರು ಬೆಂಗಳೂರಿನ ಕಡೆ ಮುಖ ಮಾಡುತ್ತಾರೆ. ಕಾಲೇಜಿನಲ್ಲಿ ಕಲಿತದ್ದು ಬಹುಮಟ್ಟಿಗೆ ಒಂದೇ ಗಣಕಭಾಷೆ. ಉದ್ಯೋಗದಲ್ಲಿ ಕೇಳುವುದು ಮತ್ತೊಂದನ್ನು. ಆಗ ಹೊಸ ಭಾಷೆಯೆಂದರೆ ಹೊಸ ಬೆಟ್ಟವೆಂದು ತಿಳಿದು ಎದೆಗುಂದುವವರು ಹಲವರು. ಹೆಸರು ಕೇಳಿದ ಭಾಷೆಗಳನ್ನೆಲ್ಲ ತಿಂಗಳಿಗೊಂದರಂತೆ ಮುಟ್ಟಿ ಬಿಡುವವರು ಇನ್ನು ಹಲವರು. ಬಲ್ಲ ಭಾಷೆಗೆ ರಕ್ತಸಂಬಂಧವುಳ್ಳ ಭಾಷೆಯನ್ನೇ ಎರಡನೆಯದಾಗಿ ಆರಿಸಿ, ಎರಡನ್ನೂ ಎದುರೆದುರು ಇಟ್ಟು ಕಲಿಯುವುದೆಂಬ ಮಧ್ಯಮ ಮಾರ್ಗ ಹೆಚ್ಚು ಫಲಕಾರಿಯಾದುದು.

ಸಂಬಂಧವೆಂದರೇನೆಂಬುದನ್ನು ಕನ್ನಡದಿಂದಲೇ ನೋಡಬಹುದು. ನಾವು ಹಾಲು ಎಂಬುದನ್ನು ತಮಿಳರು ಪಾಲ್ ಎನ್ನುತ್ತಾರೆ, ತೆಲುಗರು ಪಾಲು ಎನ್ನುತ್ತಾರೆ. ಹುಲಿಗೆ ಆ ಎರಡು ಭಾಷೆಗಳಲ್ಲಿಯೂ ಪುಲಿ, ತುಳುವಿನಲ್ಲಿ ಪಿಲಿ. ಹತ್ತಕ್ಕೆ ತಮಿಳಿನಲ್ಲಿ ಪತ್ತು. ಇಂಥ ನಾಲ್ಕು ಶಬ್ದಗಳನ್ನು ಕೇಳಿದ ಬಾಲಕನೂ ಐದನೆಯದನ್ನು ತಾನೇ ಊಹಿಸುತ್ತಾನೆ. ಹಳಗನ್ನಡದ ಪಾಠ ಬಂದಾಗ ಪಾಲ್, ಪುಲಿ, ಪತ್ತು, ಪೆಸರ್ ಎಂಬ ರೂಪಗಳನ್ನು ಕಂಡು, ನೆರೆಮನೆಯವರು ಆಡುವುದು ತನ್ನ ಪೂರ್ವಿಕರ ಉಚ್ಚಾರಣೆಯೇ ಎಂದು ಬೆರಗಾಗುತ್ತಾನೆ. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಕನ್ನಡವು ಪಕಾರವನ್ನು ಹಕಾರವಾಗಿ ತಿರುಗಿಸಿಕೊಂಡಿತು, ಸೋದರಿಯರು ತಿರುಗಿಸಿಕೊಳ್ಳಲಿಲ್ಲ. ಹಾಗೆಯೇ ತಮಿಳಿನ ವಾಯ್, ವಿಲ್, ವೇರ್ ಎಂಬವು ಕನ್ನಡದಲ್ಲಿ ಬಾಯಿ, ಬಿಲ್ಲು, ಬೇರು. ತಮಿಳಿನ ತಲೈ, ಮಲೈ ಕನ್ನಡದಲ್ಲಿ ತಲೆ, ಮಲೆ, ಮಲೆಯಾಳದಲ್ಲಿ ತಲ, ಮಲ. ಕನ್ನಡದ ಕಿವಿಗೆ ತಮಿಳು, ತೆಲುಗುಗಳಲ್ಲಿ ಚೆವಿ.

ಈ ಬಾಂಧವ್ಯವನ್ನು ಫ್ರಾನ್ಸಿಸ್ ಎಲ್ಲಿಸ್ 1816ರಲ್ಲಿಯೂ ಬಿಷಪ್ ಕಾಲ್ಡ್‌ವೆಲ್ 1856ರಲ್ಲಿಯೂ ವಿದ್ವತ್ಪೂರ್ಣವಾಗಿ ನಿರೂಪಿಸಿದರು. ರೆವರೆಂಡ್ ಕಿಟ್ಟೆಲ್ ತಮ್ಮ 1894ರ ಕನ್ನಡ ನಿಘಂಟಿನಲ್ಲಿ ಕನ್ನಡ ಶಬ್ದಗಳ ಮಗ್ಗುಲಿಗೆ ತಮಿಳು, ತೆಲುಗು, ಮಲೆಯಾಳ, ತುಳು ರೂಪಗಳನ್ನು ಕೊಡುತ್ತ ಹೋದರು. ಆದರೆ ವಿದ್ವಾಂಸರಿಗಿಂತ ಮೊದಲೇ ಕವಿಗಳು ಈ ಹಾದಿಯಲ್ಲಿ ನಡೆದಿದ್ದರು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ದ್ವಿಪದಿಯಲ್ಲಿದ್ದುದು ಷಟ್ಪದಿಯಾಯಿತು. ಸೋದರ ಭಾಷೆಯನ್ನು ಬಲ್ಲವನಿಗೆ ಎಷ್ಟನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಎಲ್ಲಿ ಅಚ್ಚನ್ನೇ ಬದಲಿಸಬೇಕು ಎಂಬ ವಿವೇಕ ಹುಟ್ಟುತ್ತದೆಯೆಂಬುದಕ್ಕೆ ಆ ಕಾವ್ಯ ಒಳ್ಳೆಯ ನಿದರ್ಶನ.

ಗಣಕಭಾಷೆಗಳಿಗೂ ವಂಶಾವಳಿಯುಂಟು. ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ರೂಪಿಸಿದ ಬಿ.ಸಿ.ಪಿ.ಎಲ್. ಭಾಷೆಯಿಂದ ಕೆನ್ ಥಾಂಪ್ಸನ್ನರ 'ಬಿ' ಹುಟ್ಟಿತು; ಅದರಿಂದ 1972ರ ಸುಮಾರಿಗೆ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚ್ಚಿಯವರ 'ಸಿ' ಮೂಡಿತು. 1979ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ಆರಂಭಿಸಿದ ಕೆಲಸ ಮುಂದೆ 'ಸಿ ಪ್ಲಸ್ ಪ್ಲಸ್' ಎನಿಸಿತು. ಇದರ ಮೈಕಟ್ಟು 'ಸಿ'ಯದು. ವರ್ಗಗಳ ಕಲ್ಪನೆ ನಾರ್ವೆ ದೇಶದ 'ಸಿಮ್ಯುಲಾ' ಎಂಬ ಭಾಷೆಯದು. ಎರಡು ಮನೆತನಗಳ ಕೂಸು ಇದು. 1995ರ 'ಜಾವಾ', 2000ದ 'ಸಿ ಶಾರ್ಪ್' ಇವೆಲ್ಲ ಅದೇ ಬಳಗ. ಆದುದರಿಂದ 'ಸಿ'ಯನ್ನು ಬಲ್ಲ ವಿದ್ಯಾರ್ಥಿಯು 'ಜಾವಾ'ದ ಪುಟವನ್ನು ತೆರೆದರೆ ಅರ್ಧದಷ್ಟು ಕಣ್ಣಿಗೆ ಪರಿಚಿತ. ಆವರಣ ಚಿಹ್ನೆಗಳು ಅವೇ, ವಾಕ್ಯಾಂತ್ಯದ ಅರ್ಧವಿರಾಮ ಅದೇ, ಷರತ್ತು ಮತ್ತು ಆವರ್ತನೆಗಳ ರಚನೆ ಅದೇ. ಅವನ ಗಮನವೆಲ್ಲ ಹೊಸದಾದ ಒಂದೆರಡು ಅಂಶಗಳ ಮೇಲೆ ನಿಲ್ಲುತ್ತದೆ. 'ಸಿ'ಯಲ್ಲಿ ಕೇಳಿ ಪಡೆದ ಸ್ಮೃತಿಸ್ಥಳವನ್ನು ತಾನೇ ಹಿಂದಿರುಗಿಸಬೇಕು. 'ಜಾವಾ'ದಲ್ಲಿ ಉಪಯೋಗ ಮುಗಿದುದನ್ನು ವ್ಯವಸ್ಥೆಯೇ ಗುಡಿಸಿ ಹಾಕುತ್ತದೆ. ಎರಡನ್ನೂ ಕಂಡವನಿಗೆ ಮಾತ್ರ, ಇದು ಗಣಕಯಂತ್ರದ ಪ್ರಕೃತಿಯಲ್ಲ, ಭಾಷೆಯನ್ನು ಕಟ್ಟಿದವರ ಆಯ್ಕೆ ಎಂಬುದು ಹೊಳೆಯುತ್ತದೆ. ಒಂದೇ ಭಾಷೆಯಲ್ಲಿ ಹತ್ತು ವರ್ಷ ದುಡಿದರೂ ಈ ತಿಳಿವು ಬರುವುದು ಕಷ್ಟ.

ಸೋದರ ಭಾಷೆಯ ಕಲಿಕೆ ಸುಲಭವೆಂದು ಇಷ್ಟರಿಂದ ಭಾವಿಸಿದರೆ ಅದು ಅರ್ಧ ಸತ್ಯ. ಹೋಲಿಕೆಯೇ ಮೋಸಗೊಳಿಸುವ ಸ್ಥಳಗಳಿವೆ. ತೆಲುಗರು 'ಅವಸರಂ' ಎಂದರೆ ಅಗತ್ಯವೆಂದು ಅರ್ಥ; ಕನ್ನಡಿಗನು ಆತುರವೆಂದು ತಿಳಿದು ಓಡಿದರೆ ನಗೆಗೀಡಾದಾನು. ಅವರ 'ಉತ್ತರಂ' ಅಂಚೆಯಲ್ಲಿ ಬರುವ ಕಾಗದವೂ ಹೌದು. ಮಲೆಯಾಳಿಗಳ 'ಸಂಸಾರಂ' ಎಂದರೆ ಮಾತುಕತೆ. ಹೆಂಡಿರು ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ. ಪೂರ್ತಿ ಅಪರಿಚಿತವಾದ ಶಬ್ದ ಬಂದಾಗ ಮನುಷ್ಯನು ನಿಂತು ಕೇಳುತ್ತಾನೆ. ಪರಿಚಿತವೆಂದು ತೋರಿದ ಶಬ್ದವನ್ನು ಕೇಳದೆಯೇ ಮುಂದೆ ಹೋಗುತ್ತಾನೆ. ಅಪಾಯವಿರುವುದು ಅಲ್ಲಿ.

ಗಣಕಭಾಷೆಗಳಲ್ಲಿಯೂ ಹಾಗೆಯೇ. 7ನ್ನು 2ರಿಂದ ಭಾಗಿಸೆಂದು ಪೂರ್ಣಾಂಕಗಳಲ್ಲಿ ಬರೆದರೆ 'ಸಿ' ಮತ್ತು 'ಜಾವಾ' 3 ಎನ್ನುತ್ತವೆ. ಅದೇ ಚಿಹ್ನೆಯನ್ನು ಬರೆದರೆ 2008ರಲ್ಲಿ ಬಂದ 'ಪೈಥಾನ್'ನ ಮೂರನೆಯ ಆವೃತ್ತಿಯು 3.5 ಎನ್ನುತ್ತದೆ, ಅದಕ್ಕೆ ಹಿಂದಿನ ಎರಡನೆಯ ಆವೃತ್ತಿಯು 3 ಎನ್ನುತ್ತಿತ್ತು. ಅಲ್ಲಿ ತಾಯಿಗೂ ಮಗಳಿಗೂ ಒಂದೇ ಶಬ್ದಕ್ಕೆ ಎರಡು ಅರ್ಥ! ಶೇಷವನ್ನು ಕಾಣುವ ಲೆಕ್ಕದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಭಾನುವಾರಕ್ಕೆ 0, ಸೋಮವಾರಕ್ಕೆ 1, ಹೀಗೆ ಶನಿವಾರಕ್ಕೆ 6 ಎಂದು ಅಂಕಿಗಳನ್ನು ಕೊಟ್ಟುಕೊಳ್ಳೋಣ. ಸೋಮವಾರಕ್ಕೆ ಮೂರು ದಿನ ಹಿಂದಿನ ವಾರ ಯಾವುದು? ಒಂದರಲ್ಲಿ ಮೂರನ್ನು ಕಳೆದರೆ ಋಣ 2. ಅದನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷ ಬೇಕು. 'ಪೈಥಾನ್' 5 ಎನ್ನುತ್ತದೆ, ಅಂದರೆ ಶುಕ್ರವಾರ, ಉತ್ತರ ಸರಿ. 'ಸಿ', 'ಜಾವಾ'ಗಳು ಋಣ 2 ಎನ್ನುತ್ತವೆ. ಅಂಥ ವಾರವೇ ಇಲ್ಲ. ಯಾವ ಭಾಷೆಯೂ ಇಲ್ಲಿ ತಪ್ಪು ಮಾಡಿಲ್ಲ. ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸುವುದು ಒಂದು ಸಂಪ್ರದಾಯ, ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದು ಇನ್ನೊಂದು ಸಂಪ್ರದಾಯ. ಒಂದರಲ್ಲಿ ಸರಿಯಾಗಿದ್ದ ಲೆಕ್ಕವನ್ನು ಮತ್ತೊಂದಕ್ಕೆ ಸಾಲುಸಾಲಾಗಿ ನಕಲು ಮಾಡಿದವನೇ ಎಡವುವವನು. ಬಡ್ಡಿಯ ಲೆಕ್ಕದಲ್ಲಿ, ಸಂಬಳದ ಪಟ್ಟಿಯಲ್ಲಿ ಇಂಥ ಎಡವಟ್ಟು ತಿಂಗಳುಗಟ್ಟಲೆ ಅಡಗಿರಬಲ್ಲುದು.

ಹುಟ್ಟಿನಿಂದ ಬಂದ ಸಂಬಂಧ ಬೇರೆ, ನೆರೆಯಿಂದ ಬಂದ ಸಾಮ್ಯ ಬೇರೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಬಹುಕಾಲ ಒಂದೇ ಅಂಗಳದಲ್ಲಿ ಬಾಳಿದುದರ ಫಲವಾಗಿ, ಶಬ್ದಗಳು ಬೇರೆ ಬೇರೆಯಾಗಿದ್ದರೂ ವಾಕ್ಯದ ಎಲುಬುಗೂಡು ಬಹುಮಟ್ಟಿಗೆ ಒಂದೇ ಆಗಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ತೋರಿಸಿದರು. ಅಲ್ಲಿ ಮೈ ಬೇರೆ, ಎಲುಬು ಒಂದು. 'ಜಾವಾ'ಗೂ 'ಜಾವಾಸ್ಕ್ರಿಪ್ಟ್'ಗೂ ಇರುವುದು ಇದರ ತಿರುಗುಮುರುಗಾದ ನೆಂಟಸ್ತನ. 1995ರಲ್ಲಿ ಬ್ರೆಂಡನ್ ಐಕ್ ರೂಪಿಸಿದ 'ಜಾವಾಸ್ಕ್ರಿಪ್ಟ್' ಹೆಸರನ್ನೂ ಉಡುಪನ್ನೂ ಜಾವಾದ ಬಳಗದಿಂದ ಪಡೆಯಿತು; ಒಳಗಿನ ಜೀವ 'ಸ್ಕೀಮ್' ಮತ್ತು 'ಸೆಲ್ಫ್' ಎಂಬ ಬೇರೆ ಮನೆತನದ ಭಾಷೆಗಳದು. ಹೆಸರಿನ ಮೇಲಿಂದ ಸಂಬಂಧವನ್ನು ಊಹಿಸುವ ವಿದ್ಯಾರ್ಥಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ.

ಇಷ್ಟರವರೆಗೆ ಮನುಷ್ಯರ ಭಾಷೆಗಳನ್ನು ದೃಷ್ಟಾಂತಕ್ಕಾಗಿ ಬಳಸಿದುದಾಯಿತು. ಆದರೆ ಕನ್ನಡ ನಾಡಿನ ಪ್ರೋಗ್ರಾಮರಿಗೆ ಸೋದರ ನುಡಿಗಳು ಬರಿಯ ದೃಷ್ಟಾಂತವಲ್ಲ, ಕಸುಬಿನ ಉಪಕರಣವೇ ಸರಿ. ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಭಾರತೀಯ ಲಿಪಿಗಳಿಗೆ ಸಂಖ್ಯೆಗಳನ್ನು ಗೊತ್ತುಪಡಿಸುವ ಕಾರ್ಯ ನಡೆದಾಗ, ಇವೆಲ್ಲ ಬ್ರಾಹ್ಮಿಯ ಮಕ್ಕಳೆಂಬ ಅಂಶವೇ ಅಡಿಪಾಯವಾಯಿತು. 1991ರ ಭಾರತೀಯ ಮಾನಕ 13194, ಅಂದರೆ 'ಇಸ್ಕಿ', ಎಲ್ಲ ಲಿಪಿಗಳ ಕಕಾರಕ್ಕೂ ಒಂದೇ ಸಂಖ್ಯೆಯನ್ನು ಕೊಟ್ಟಿತು. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯಲ್ಲಿ ಕನ್ನಡದ ಕಕಾರ ಯಾವ ಕೀಲಿಯೊ ತೆಲುಗಿನ ಕಕಾರವೂ ಅದೇ ಕೀಲಿ. ಜಗತ್ತಿನ ಲಿಪಿಗಳನ್ನೆಲ್ಲ ಒಳಗೊಂಡ 'ಯೂನಿಕೋಡ್' ಲಿಪಿಗೊಂದರಂತೆ ಬೇರೆ ಬೇರೆ ಕೇರಿಗಳನ್ನು ಕೊಟ್ಟಿತಾದರೂ, ಇಸ್ಕಿಯ ಕ್ರಮವನ್ನೇ ಅನುಸರಿಸಿ ಕೇರಿಯೊಳಗಿನ ಮನೆಗಳನ್ನು ಒಂದೇ ಸಾಲಿನಲ್ಲಿ ಇರಿಸಿತು. ತಮಿಳು ಕಕಾರದ ಸಂಖ್ಯೆ 2965, ತೆಲುಗಿನದು 3093, ಕನ್ನಡದ್ದು 3221, ಮಲೆಯಾಳದ್ದು 3349. ಒಂದೊಂದಕ್ಕೂ ಅಂತರ 128. ತೆಲುಗಿನ ಪಠ್ಯವೊಂದನ್ನು ಕನ್ನಡ ಲಿಪಿಗೆ ತಿರುಗಿಸಬೇಕಾದರೆ ಪ್ರತಿ ಅಕ್ಷರದ ಸಂಖ್ಯೆಗೂ 128ನ್ನು ಕೂಡಿದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಮೂರು ಸಾಲಿನ ಪ್ರೋಗ್ರಾಮು ಸಾಕು.

ಬಹುಮಟ್ಟಿಗೆ ಎಂಬ ಮಾತಿನಲ್ಲಿಯೇ ವಿಷಯದ ಮರ್ಮವಿದೆ. ತಮಿಳಿನ ಸಂಖ್ಯೆಗಳಿಗೆ 256ನ್ನು ಕೂಡಿ ಕನ್ನಡಕ್ಕೆ ತಂದರೆ ಗಂಗೆಯ ತಮಿಳು ಹೆಸರು 'ಕಙ್ಕೈ' ಎಂದು ಕಾಣಿಸಿಕೊಳ್ಳುತ್ತದೆ. ಏಕೆಂದರೆ ತಮಿಳಿನಲ್ಲಿ ಕಕಾರ ಗಕಾರಗಳಿಗೆ ಅಕ್ಷರ ಒಂದೇ, ಸಂದರ್ಭವನ್ನು ನೋಡಿ ಓದುಗನು ಉಚ್ಚರಿಸುತ್ತಾನೆ. ತಮಿಳನ್ನು ತಿಳಿಯದವನು ಯಂತ್ರವನ್ನು ದೂರುತ್ತಾನೆ. ಮತ್ತೆ, ಅರ್ಕಾವತ್ತನ್ನು ನೋಡಬಹುದು. ಅರ್ಕ ಎಂಬಲ್ಲಿ ರಕಾರದ ಚಿಹ್ನೆಯನ್ನು ಕನ್ನಡಿಗರು ಕಕಾರದ ಬಲಕ್ಕೆ ಬರೆಯುತ್ತಾರೆ. ಈಗಿನ ತೆಲುಗಿನಲ್ಲಿ ರಕಾರವನ್ನೇ ಮೊದಲು ಬರೆದು ಕಕಾರವನ್ನು ಅದಕ್ಕೆ ಒತ್ತಾಗಿ ಕೊಡುತ್ತಾರೆ. ಯಂತ್ರದೊಳಗೆ ಎರಡರ ಸಂಖ್ಯಾಕ್ರಮವೂ ಒಂದೇ. ಪರದೆಯ ಮೇಲೆ ಮೂಡುವ ಬಗೆ ಬೇರೆ. ಅಕಾರಾದಿಯಲ್ಲಿಯೂ ತೊಡಕುಂಟು. ಲಿಪಿಗಳನ್ನು ಸಾಲುಗೂಡಿಸುವ ಭರದಲ್ಲಿ ಳಕಾರದ ಸಂಖ್ಯೆ ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲು ಬಂದಿದೆ. ಕನ್ನಡ ನಿಘಂಟುಗಳಲ್ಲಾದರೋ ಅದರ ಸ್ಥಾನ ಹಕಾರದ ಅನಂತರ. ಸಂಖ್ಯೆಯನ್ನೇ ನಂಬಿ ವಿಂಗಡಿಸಿದ ಹೆಸರಿನ ಪಟ್ಟಿ ಕನ್ನಡ ಮೇಷ್ಟರ ಕಣ್ಣಿಗೆ ಕೂಡಲೇ ತಪ್ಪಾಗಿ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ.

ಎಲ್ಲಕ್ಕಿಂತ ಬೋಧಪ್ರದವಾದುದು ೞಕಾರದ ಕಥೆ. ಹಳಗನ್ನಡದಲ್ಲಿ ಏೞು, ಕೋೞಿ, ಬಾೞೆ, ಕೞ್ತೆ ಎಂಬ ಶಬ್ದಗಳಲ್ಲಿ ಈ ಅಕ್ಷರವಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳ ಭೇದವನ್ನು ವಿವರಿಸಬೇಕಾಯಿತೆಂದರೆ, ಅಷ್ಟರಲ್ಲಿಯೇ ಜನರ ನಾಲಗೆಯಲ್ಲಿ ಅದು ಮಾಸುತ್ತಿದ್ದಿರಬೇಕು. ಮುಂದೆ ಏೞು ಏಳಾಯಿತು, ಬಾೞೆ ಬಾಳೆಯಾಯಿತು, ಕೞ್ತೆ ಕತ್ತೆಯಾಯಿತು. ತಮಿಳು ಮಲೆಯಾಳಗಳಲ್ಲಿ ಅದು ಇಂದಿಗೂ ಜೀವಂತ: ಅವರಿಗೆ ಏೞು, ಕೋೞಿ ಹಾಗೆಯೇ ಇವೆ. ತೆಲುಗಿನಲ್ಲಿ ಡಕಾರವಾಗಿ ಏಡು, ಕೋಡಿ ಎನ್ನುತ್ತಾರೆ. ಕೇರಳದ ಊರುಗಳ ಹೆಸರನ್ನು ಇಂಗ್ಲಿಷ್ ಕಾಗುಣಿತದ ಮೂಲಕ ಓದಿ ಕೋಝಿಕ್ಕೋಡ್ ಎಂದು ಮಹಾಪ್ರಾಣ ಝಕಾರದಿಂದ ಬರೆಯುವ ಕನ್ನಡ ಪತ್ರಿಕೆಗಳು, ತಮ್ಮ ಮನೆಯಲ್ಲೇ ಇರುವ ಅಕ್ಷರವನ್ನು ಮರೆತಿವೆ.

ಈ ಅಕ್ಷರಕ್ಕೆ ಯೂನಿಕೋಡಿನಲ್ಲಿ ದೊರೆತ ಸ್ಥಾನ ಯಾವುದು? ದೇವನಾಗರಿಯಲ್ಲಿ 2356, ತಮಿಳಿನಲ್ಲಿ 2996, ಮಲೆಯಾಳದಲ್ಲಿ 3380. 2014ರಲ್ಲಿ ಸೇರಿದ ತೆಲುಗಿನ ೞಕಾರಕ್ಕೆ 3124. ಪ್ರತಿಯೊಂದೂ ತನ್ನ ಕೇರಿಯ 52ನೆಯ ಸ್ಥಾನ. ಈ ಲೆಕ್ಕದಿಂದ ಕನ್ನಡದ್ದು 3252 ಆಗಬೇಕಿತ್ತು. ಆದರೆ ಆ ಮನೆ ಖಾಲಿ ಇದೆ. ಕನ್ನಡದ ೞಕಾರವು 3294ರಲ್ಲಿ ಕುಳಿತಿದೆ. ಅದಕ್ಕೆ ಕೊಟ್ಟಿರುವ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ' ಎಂದು! ಹಿಂದಿಯವರು ಉರ್ದು, ಇಂಗ್ಲಿಷ್ ಶಬ್ದಗಳಿಗಾಗಿ ಕೆಳಗೆ ಚುಕ್ಕೆಯಿಟ್ಟು ಬರೆಯುವ ಫಕಾರದ ಸ್ಥಾನ ದೇವನಾಗರಿ ಕೇರಿಯಲ್ಲಿ 94ನೆಯದು. ಕನ್ನಡ ಕೇರಿಯಲ್ಲಿ 3294 ಎಂಬುದೂ 94ನೆಯದೇ. ಪಂಪನ ಕಾಲದ ಅಕ್ಷರದ ಆಕಾರವೂ ಹಿಂದಿಯ ಫಕಾರದ ಹೆಸರೂ ಹೀಗೆ ಒಂದೇ ಮನೆಯಲ್ಲಿ ಸೇರಿಕೊಂಡವು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ಕಟ್ಟಳೆಯಾದುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ, ಮೂಲನಾಮವು ತಪ್ಪೆಂಬ ಟಿಪ್ಪಣಿಯನ್ನು ಬರೆದಿಡಲಾಗಿದೆ. ತಪ್ಪು ಮಾತ್ರ ಶಾಶ್ವತವಾಗಿ ಉಳಿಯುತ್ತದೆ.

ಇದರ ಫಲವನ್ನು ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಿ ನೋಡಬಹುದು. ಮಲೆಯಾಳದಲ್ಲಿ ಬರೆದ ಕೋೞಿಕ್ಕೋಡಿನ ಹೆಸರಿನಿಂದ 128ನ್ನು ಕಳೆದು ಕನ್ನಡಕ್ಕೆ ತಂದರೆ, ನಡುವೆ ೞಕಾರವಿರಬೇಕಾದಲ್ಲಿ ಖಾಲಿ ಚೌಕವೊಂದು ಮೂಡುತ್ತದೆ. ಹಳಗನ್ನಡದ ಕೋೞಿಯನ್ನು 128 ಕೂಡಿ ಮಲೆಯಾಳಕ್ಕೆ ಒಯ್ದರೆ ೞಕಾರದ ಸ್ಥಳದಲ್ಲಿ 3422ನೆಯ ಚಿಹ್ನೆ ಬರುತ್ತದೆ. ಅದು ಕೇರಳದ ಹಳೆಯ ಲೆಕ್ಕದ ಐದನೆಯ ಒಂದು ಭಾಗದ ಗುರುತು. ಕೋಳಿಯ ಹೆಸರಿನಲ್ಲಿ ಭಿನ್ನರಾಶಿ! ಕೇವಲ ಕನ್ನಡವನ್ನು ಬಲ್ಲ ಪ್ರೋಗ್ರಾಮರನು ಇದನ್ನು ಯಂತ್ರದ ದೋಷವೆಂದೋ ಅಕ್ಷರಶೈಲಿಯ ಕೊರತೆಯೆಂದೋ ತಿಳಿದು ದಿನಗಟ್ಟಲೆ ಹುಡುಕಬಹುದು. ತಮಿಳನ್ನೋ ಮಲೆಯಾಳವನ್ನೋ ಅಕ್ಷರಮಾಲೆಯ ಮಟ್ಟಿಗೆ ಕಲಿತವನು ಒಂದು ಗಳಿಗೆಯಲ್ಲಿ ಕಾರಣವನ್ನು ಕಾಣುತ್ತಾನೆ. 128ರ ನಿಯಮಕ್ಕೆ ಒಂದು ಅಪವಾದದ ಸಾಲನ್ನು ಸೇರಿಸಿ ಮುಗಿಸುತ್ತಾನೆ.

ವಿರುದ್ಧವಾದ ಒಂದು ವಾದವಿದೆ. ಸಮೀಪದ ಭಾಷೆಯನ್ನು ಕಲಿತರೆ ಬುದ್ಧಿ ಬೆಳೆಯದು. 1958ರಲ್ಲಿ ಜಾನ್ ಮೆಕಾರ್ಥಿ ಕಲ್ಪಿಸಿದ 'ಲಿಸ್ಪ್'ನಂಥ ದೂರದ ಭಾಷೆಯನ್ನು ಕಲಿತರೆ ಮಾತ್ರ ಹೊಸ ಆಲೋಚನಾಕ್ರಮ ಲಭಿಸುವುದೆಂದು ಅನೇಕರು ಹೇಳುತ್ತಾರೆ. ಮಾತು ಸುಳ್ಳಲ್ಲ. ಸಂಸ್ಕೃತವನ್ನೂ ಇಂಗ್ಲಿಷನ್ನೂ ಕಲಿತುದರಿಂದ ಕನ್ನಡಿಗರ ಮನಸ್ಸು ಹಿಗ್ಗಿತೆಂಬುದನ್ನು ಯಾರು ಅಲ್ಲಗಳೆಯುವರು? ಆದರೆ ದೂರದ ಭಾಷೆಯಲ್ಲಿ ಎಲ್ಲವೂ ಒಟ್ಟಿಗೆ ಬದಲಾಗುವುದರಿಂದ, ಯಾವ ಬದಲಾವಣೆ ಯಾವ ಫಲವನ್ನು ಕೊಟ್ಟಿತೆಂಬುದು ಎಳೆಯ ವಿದ್ಯಾರ್ಥಿಗೆ ತಿಳಿಯದು. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡುವಂತೆ, ಸೋದರ ಭಾಷೆಯು ಒಂದೆರಡನ್ನು ಮಾತ್ರ ಬದಲಿಸಿ ತೋರಿಸುತ್ತದೆ. ಅಲ್ಲದೆ, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಪುಸ್ತಕಗಳ ಮುಂದೆ ಕುಗ್ಗಿರುವ ವಿದ್ಯಾರ್ಥಿಗೆ ಮೊದಲು ಬೇಕಾದುದು ಧೈರ್ಯ. ಆರು ವಾರಗಳಲ್ಲಿ ಎರಡನೆಯ ಭಾಷೆ ಕೈವಶವಾಯಿತೆಂಬ ಅನುಭವವೇ ಮೂರನೆಯದಕ್ಕೆ ಮೆಟ್ಟಿಲು. 'ಲಿಸ್ಪ್' ಅಲ್ಲಿ ಕಾದಿರುತ್ತದೆ.

ಶಾಲೆಯ ಮಟ್ಟದಲ್ಲಿ ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಿಲ್ಲ. ವಾರ ಕಂಡುಹಿಡಿಯುವ ಮೇಲಿನ ಲೆಕ್ಕದಂಥ ಒಂದು ಸಣ್ಣ ಸಮಸ್ಯೆಯನ್ನು ಎರಡು ಗಣಕಭಾಷೆಗಳಲ್ಲಿ ಬರೆಯಿಸಿ, ಉಳಿದುದು, ವೇಷ ಬದಲಿಸಿದುದು, ಅದೇ ವೇಷದಲ್ಲಿದ್ದು ಅರ್ಥ ಬದಲಿಸಿದುದು ಎಂದು ಮೂರು ಅಂಕಣಗಳನ್ನು ಮಾಡಿಸಿದರೆ ಸಾಕು. ಮೂರನೆಯ ಅಂಕಣವೇ ನಿಜವಾದ ಪಾಠ. ಅದೇ ವಾರ ಕನ್ನಡ ಅಧ್ಯಾಪಕರು ತಮ್ಮ ತರಗತಿಯಲ್ಲಿ ಮನೆಮಾತು ತಮಿಳೋ ತೆಲುಗೋ ಆಗಿರುವ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, ಹಾಲು, ಕಿವಿ, ಏಳು, ಬಾಳೆಗಳಿಗೆ ಅವರ ಮನೆಯ ಶಬ್ದಗಳನ್ನು ಹೇಳಿಸಿ ಅವೇ ಮೂರು ಅಂಕಣಗಳಲ್ಲಿ ಬರೆಯಿಸಬಹುದು. ಮನೆಮಾತು ಬೇರೆಯೆಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತ ಹುಡುಗಿಯು ಆ ದಿನ ತರಗತಿಗೆ ಉಪಾಧ್ಯಾಯಿನಿಯಾಗುತ್ತಾಳೆ. ಜನ್ನಾಪುರದಲ್ಲಿ ಅಂಥ ಮಕ್ಕಳಿಗೆ ಬರವಿಲ್ಲ. ದಾನಿಗಳು ಗಣಕಯಂತ್ರಗಳ ಜೊತೆಗೆ ಕಿಟ್ಟೆಲ್ಲರ ನಿಘಂಟಿನ ಪ್ರತಿಯೊಂದನ್ನು ಅದೇ ಕೊಠಡಿಯಲ್ಲಿ ಇರಿಸುವ ಏರ್ಪಾಡು ಮಾಡಿದರೆ ಅಸಂಗತವೆನಿಸದು.

ಮಾಡಬೇಕಾದ ಕೆಲಸವೂ ಕಣ್ಣೆದುರಿಗೇ ಇದೆ. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ ಹದಿನಾರನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆಯಿತು. ಇದು ಗ್ರಂಥಲಿಪಿಯ ಮಗಳು, ಆಕಾರದಲ್ಲಿ ಮಲೆಯಾಳ ಲಿಪಿಗೆ ಹತ್ತಿರದವಳು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಈ ಲಿಪಿಯ ಓಲೆಗರಿಗಳುಂಟು. ಇದರ ಕೇರಿ ಆರಂಭವಾಗುವುದು 70528ರಿಂದ, ಕನ್ನಡದ ಕೇರಿಯಿಂದ ಬಹು ದೂರದಲ್ಲಿ. ಇಲ್ಲಿ 128ರ ಸುಲಭ ಲೆಕ್ಕ ನಡೆಯುವುದಿಲ್ಲ. ಈ ಲಿಪಿಯ ಪಠ್ಯವನ್ನು ಕನ್ನಡಕ್ಕೆ ತಿರುಗಿಸಬೇಕಾದವರು ಒಂದೊಂದು ಅಕ್ಷರವನ್ನೂ ಬೇರೆಯಾಗಿ ಸರಿಹೊಂದಿಸಬೇಕಾಗುತ್ತದೆ. ಅದಕ್ಕೆ ಕನ್ನಡದ ಜೊತೆಗೆ ಮಲೆಯಾಳದ ಅಕ್ಷರಮಾಲೆಯನ್ನೂ ಬಲ್ಲ ಪ್ರೋಗ್ರಾಮರರು ಬೇಕು.